ಅತ್ತೆಯ ವಜ್ರದೋಲೆ ಮತ್ತು ನನ್ನ ಪ್ರತಿದೀಪ್ತಿ

ಒಂದೇ ಪಾಠವನ್ನು ಹತ್ತು ಹದಿನೈದು ವರ್ಷ ಮಾಡಿದವರಿಗೆ ಒಂದು ಭ್ರಮೆ ಅಂಟಿಕೊಳ್ಳುತ್ತದೆ. ಬಾಯಲ್ಲಿ ಹೇಳಿದ್ದನ್ನೆಲ್ಲ ಕಣ್ಣಾರೆ ಕಂಡಿದ್ದೇನೆ ಎಂಬ ಭ್ರಮೆ ಅದು. ನಾನು ಹೈಸ್ಕೂಲಿನಲ್ಲಿದ್ದಾಗ ಭೂಗೋಳದ ಮೇಷ್ಟರೊಬ್ಬರು ಸಹರಾ ಮರುಭೂಮಿಯನ್ನು ವಿವರಿಸುತ್ತ ಕರವಸ್ತ್ರ ತೆಗೆದು ನಿಜವಾಗಿಯೂ ಬೆವರು ಒರೆಸಿಕೊಳ್ಳುತ್ತಿದ್ದರು. ಅವರು ಶ್ರೀರಂಗಪಟ್ಟಣ ದಾಟಿ ಆಚೆಗೆ ಹೋದವರೇ ಅಲ್ಲ ಎಂದು ಆಮೇಲೆ ತಿಳಿಯಿತು. ಆಗ ನಕ್ಕಿದ್ದೆ. ದೊಡ್ಡವಳಾಗಿ ನಾನೂ ಅದೇ ಸಾಲಿಗೆ ಸೇರಿದೆ. ಮೈಸೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ನಾನು ಭೌತಶಾಸ್ತ್ರದ ಉಪನ್ಯಾಸಕಿ. ಬೆಳಕಿನ ಪಾಠದಲ್ಲಿ ಪ್ರತಿದೀಪ್ತಿ ಎಂದು ಒಂದು ಪುಟ್ಟ ಭಾಗ ಬರುತ್ತದೆ. ವಜ್ರದ ಅಂಗಡಿಯವರ ಬಾಯಲ್ಲಿ ಅದೇ ಫ್ಲೋರೊಸೆನ್ಸ್. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಕೆಲವು ವಸ್ತುಗಳು ನುಂಗಿ ಕಣ್ಣಿಗೆ ಕಾಣುವ ಬೆಳಕಾಗಿ ಉಗುಳುತ್ತವೆ, ಕಿರಣ ನಿಂತರೆ ಹೊಳಪೂ ನಿಲ್ಲುತ್ತದೆ, ಅಷ್ಟೇ ವಿಷಯ. ಉದಾಹರಣೆಗೆ ಟ್ಯೂಬ್‌ಲೈಟ್ ಎಂದು ಬರೆಸಿ ನಾನು ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಮಕ್ಕಳು ಅದನ್ನು ಉರು ಹೊಡೆಯುತ್ತಿದ್ದರು, ನಾನೂ ಉರು ಹೊಡೆದೇ ಪಾಸಾದವಳು. ಹೀಗೆ ಪ್ರತಿದೀಪ್ತಿಯೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ಬಹಳ ವರ್ಷ ಸುಖವಾಗಿದ್ದೆವು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿದ್ದ ಕಾಲ. ರಾಮಕೃಷ್ಣನಗರದ ನಮ್ಮ ಮನೆಯಲ್ಲಿದ್ದವರು ನಾವು ನಾಲ್ಕು ಜನ. ಸಹಕಾರ ಬ್ಯಾಂಕಿನಲ್ಲಿದ್ದ ನಮ್ಮವರು ಶಿವಸ್ವಾಮಿ, ಏಳನೇ ಕ್ಲಾಸಿನಲ್ಲಿದ್ದ ಮಗಳು ಸ್ಫೂರ್ತಿ, ನಾನು, ಮತ್ತು ನಮ್ಮತ್ತೆ ಗೌರಮ್ಮಣ್ಣಿ. ಅತ್ತೆ ಕೊಳ್ಳೇಗಾಲದ ಕಡೆಯವರು. ತೌರಿನಲ್ಲಿ ರೇಷ್ಮೆ ಸಾಕಣೆ ಇದ್ದದ್ದರಿಂದಲೋ ಏನೋ, ಅವರ ಕಣ್ಣು ಬಣ್ಣದ ವಿಷಯದಲ್ಲಿ ಬಹಳ ಚುರುಕು. ಸೀರೆ ಅಂಗಡಿಯಲ್ಲಿ ದೂರದಿಂದಲೇ, 'ಆ ಅಂಚಿಗೂ ಒಡಲಿಗೂ ಬೇರೆ ಬೇರೆ ದಿನ ಬಣ್ಣ ಅದ್ದವ್ರೆ' ಎಂದು ಹೇಳಿ ಅಂಗಡಿಯವರು ಗಾಬರಿಯಾಗುವಂತೆ ಮಾಡುತ್ತಿದ್ದರು. ನಮ್ಮ ಬೀದಿಯ ಯಾವ ಮನೆಯಲ್ಲಿ ಮದುವೆಯಾದರೂ ಜವಳಿ ತರಲು ಅತ್ತೆಯನ್ನು ಕರೆದುಕೊಂಡು ಹೋಗುವುದು ವಾಡಿಕೆ. ಅವರ ಕಿವಿಯಲ್ಲಿ ಒಂದೊಂದೇ ಹರಳಿನ ವಜ್ರದೋಲೆ ಇತ್ತು. ಮದುವೆಯಲ್ಲಿ ಅವರ ತಾಯಿ ಹಾಕಿದ್ದು. ಮಾವನವರು ತೀರಿಕೊಂಡ ಮೇಲೆ ಬೇರೆ ಒಡವೆಗಳನ್ನೆಲ್ಲ ಪೆಟ್ಟಿಗೆಗೆ ಸೇರಿಸಿದರೂ ಅದೊಂದನ್ನು ಮಾತ್ರ ತೆಗೆಯಲಿಲ್ಲ.

ಒಂದು ಸೋಮವಾರ ಪೂಜೆ ಮುಗಿಸಿ ಎದ್ದ ಅತ್ತೆ ಎಡಗಿವಿ ಮುಟ್ಟಿಕೊಂಡು ಹಾಗೇ ನಿಂತರು. ಹರಳನ್ನು ಹಿಡಿದಿದ್ದ ಚಿನ್ನದ ಕೊಕ್ಕೆಗಳು ಸವೆದು ಓಲೆಯಲ್ಲಿ ಬರೀ ಗುಳಿ ಉಳಿದಿತ್ತು. ಆ ದಿನ ನಾವು ಮನೆಯನ್ನು ಜಾಲಿಸಿದ ರೀತಿಯಲ್ಲಿ ಜಾಲಿಸಿದ್ದರೆ ಕಾವೇರಿಯಲ್ಲೂ ಚಿನ್ನ ಸಿಗುತ್ತಿತ್ತು. ಅಕ್ಕಿ ಡಬ್ಬ ಸುರಿದು ನೋಡಿದೆವು, ಬಚ್ಚಲಿನ ಜಾಲರಿ ಬಿಚ್ಚಿದೆವು. ನಮ್ಮವರು ನೆಲಕ್ಕೆ ಕೆನ್ನೆ ತಾಗಿಸಿ ಮಲಗಿ ಟಾರ್ಚು ಬಿಟ್ಟು ನೋಡಿದರು. ಹೊಳೆಯುವ ವಸ್ತುಗಳಿಗೇನೂ ಕೊರತೆಯಿರಲಿಲ್ಲ. ಸ್ಫೂರ್ತಿಯ ಡಾನ್ಸ್ ಬಟ್ಟೆಯ ಚಮಕಿಗಳು ಒಂದು ಬೊಗಸೆ ಸಿಕ್ಕವು. ವಜ್ರ ಸಿಗಲಿಲ್ಲ.

ಜೊತೆಗೆ ಹೊಂದುವ ಒಂದು ಹರಳನ್ನು ಕೊಂಡು ಕಟ್ಟಿಸುವುದೆಂದು ತೀರ್ಮಾನವಾಯಿತು. ಯಾರು ಹೋಗಬೇಕು ಎಂದಾಗ ನಮ್ಮವರು, "ನೀನು ಸೈನ್ಸ್ ಓದಿದವಳು, ನೀನೇ ಹೋಗು. ನಂಗೆ ಸಕ್ಕರೆ ಹರಳಿಗೂ ವಜ್ರಕ್ಕೂ ವ್ಯತ್ಯಾಸ ಗೊತ್ತಿಲ್ಲ" ಎಂದು ಕೈ ತೊಳೆದುಕೊಂಡರು. ನನಗೂ ಗೊತ್ತಿರಲಿಲ್ಲ. ನಾನು ಅದುವರೆಗೆ ಕೊಂಡಿದ್ದ ಅತಿ ಹೊಳೆಯುವ ವಸ್ತು ಎಂದರೆ ಸ್ಟೀಲ್ ಕೊಡ. ಆದರೆ ಸೈನ್ಸ್ ಎಂಬ ಮಾತು ಬಂದ ಮೇಲೆ ಹಿಂದೆ ಸರಿಯುವುದು ಹೇಗೆ? ಆಗ ಮೈಸೂರಿನಲ್ಲಿ ಬೀದಿಗೊಂದು ಬ್ರೌಸಿಂಗ್ ಸೆಂಟರ್ ಇತ್ತು. ಕಾಲೇಜು ಮುಗಿಸಿಕೊಂಡು ಕುವೆಂಪುನಗರದ ಒಂದು ಸೆಂಟರಿಗೆ ಹೋಗಿ, ಪರೀಕ್ಷೆಯ ಫಲಿತಾಂಶ ನೋಡಲು ಬಂದ ಹುಡುಗರ ನಡುವೆ ಪ್ಲೈವುಡ್ ಗೂಡಿನಲ್ಲಿ ಕುಳಿತೆ. ವಜ್ರದ ಚಿತ್ರ ನೆತ್ತಿಯಿಂದ ಗೆರೆಗೆರೆಯಾಗಿ ಇಳಿಯುತ್ತ, ಅರ್ಧ ಬಂದು, ಯೋಚನೆಗೆ ಬಿದ್ದಂತೆ ನಿಂತುಬಿಡುತ್ತಿತ್ತು. ಆ ಬಿಡುವಿನಲ್ಲಿ ನಾನು ಓದಿದೆ. ತೂಕ, ಬಣ್ಣ, ಶುದ್ಧತೆ, ಕತ್ತರಿಸಿದ ರೀತಿ ಎಲ್ಲ ಓದಿಕೊಂಡು ಬಂದೆ. ಕೊನೆಗೆ ನನ್ನ ಹಳೆಯ ಪರಿಚಯದ ಪದವೇ ಎದುರಾಯಿತು. ಕೆಲವು ವಜ್ರಗಳಿಗೆ ಪ್ರತಿದೀಪ್ತಿ ಇರುತ್ತದೆಯಂತೆ, ಅದು ಬಲವಾಗಿದ್ದರೆ ಹರಳು ಕೆಲವೊಮ್ಮೆ ಮಂಜು ಕವಿದಂತೆ ಕಾಣಬಹುದಂತೆ, ಹಾಗಾಗಿ ಕೊಳ್ಳುವವರು ಎಚ್ಚರದಿಂದಿರಬೇಕಂತೆ. 'ಕೆಲವೊಮ್ಮೆ', 'ಕಾಣಬಹುದು' ಎಂಬ ಪದಗಳು ಅಲ್ಲಿದ್ದವು. ಮಕ್ಕಳ ಉತ್ತರಪತ್ರಿಕೆಯಲ್ಲಿ ಅಂಥ ಪದ ಬಿಟ್ಟುಹೋದರೆ ನಾನು ಕೆಂಪು ಗೆರೆ ಎಳೆಯುವವಳು. ಅಂದು ಮಾತ್ರ ಎರಡನ್ನೂ ಅಲ್ಲೇ ಬಿಟ್ಟು, 'ಎಚ್ಚರ' ಎಂಬುದನ್ನು ಮಾತ್ರ ಕಟ್ಟಿಕೊಂಡು ಮನೆಗೆ ಬಂದೆ.

ಅತ್ತೆಯ ಮನೆಯವರು ಹಿಂದಿನಿಂದಲೂ ವ್ಯವಹಾರ ಮಾಡುತ್ತಿದ್ದದ್ದು ಅಶೋಕ ರಸ್ತೆಯ ಶೆಟ್ಟರೊಬ್ಬರ ಅಂಗಡಿಯಲ್ಲಿ. ಅತ್ತೆಯನ್ನು ಕರೆದುಕೊಂಡು ಅಲ್ಲಿಗೇ ಹೋದೆ. ವಯಸ್ಸಾದ ಶೆಟ್ಟರು, ಮೆಲುಮಾತಿನವರು. ಅವರ ಮೊದಲ ತೊಂದರೆ ಏನೆಂದರೆ ಬಲಗಿವಿಯ ಓಲೆ ಬಿಚ್ಚಲು ಬರಲಿಲ್ಲ. ಎಷ್ಟೋ ವರ್ಷದಿಂದ ತೆಗೆಯದೆ ಹಿಂದಿನ ತಿರುಪು ಬಿಗಿದು ಕೂತಿತ್ತು. ತಿರುಪನ್ನು ಕತ್ತರಿಸಿಬಿಡೋಣವೇ ಎಂದು ಕೇಳಿದ್ದಕ್ಕೆ ಅತ್ತೆ, "ಬ್ಯಾಡಿ ಶೆಟ್ರೇ, ನಮ್ಮವ್ವ ತನ್ನ ಕೈಯಾರೆ ತಿರುಗ್ಸಿದ್ದು" ಎಂದರು. ಹಾಗಾಗಿ ಶೆಟ್ಟರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕಿವಿ ಡಾಕ್ಟರರಂತೆ ಅತ್ತೆಯ ತಲೆಯನ್ನು ಅತ್ತಿತ್ತ ಓರೆ ಮಾಡಿಸಿ ಹರಳನ್ನು ಕಿವಿಯಲ್ಲಿದ್ದಂತೆಯೇ ಪರೀಕ್ಷಿಸಿದರು. ಆಮೇಲೆ ಕಪ್ಪು ಬಟ್ಟೆಯ ಮೇಲೆ ಎರಡು ಹರಳುಗಳನ್ನಿಟ್ಟರು. ನನ್ನ ಕಣ್ಣಿಗೆ ಎರಡೂ ಒಂದೇ.

"ಇದು ಅಮ್ಮಾವ್ರ ಓಲೆಗೆ ಹೊಂದುತ್ತೆ ಅನ್ಸುತ್ತೆ ಮೇಡಂ" ಎಂದು ಒಂದನ್ನು ಮುಂದೆ ತಳ್ಳಿದರು. "ಸ್ವಲ್ಪ ಫ್ಲೋರೊಸೆನ್ಸ್ ಇದೆ. ಇರೋದನ್ನ ಹೇಳ್ಬಿಡ್ಬೇಕು ನೋಡಿ."

ನಾನು ಇದಕ್ಕಾಗಿಯೇ ಕಾಯುತ್ತಿದ್ದವಳು. "ಬೇಡ. ಫ್ಲೋರೊಸೆನ್ಸ್ ಸ್ವಲ್ಪವೂ ಇರಬಾರದು" ಎಂದೆ. ಶೆಟ್ಟರು ಭೂತಗನ್ನಡಿ ತೆಗೆದು ನನ್ನನ್ನು ನೋಡಿದರು. ಆ ನೋಟದಲ್ಲಿ ಗೌರವ ಇತ್ತೆಂದು ನಾನು ಅರ್ಥ ಮಾಡಿಕೊಂಡೆ. ಆಮೇಲೆ ಸುಮ್ಮನಿರದೆ, ನೇರಳಾತೀತ ಕಿರಣ ಎಂದರೇನು, ಪರಮಾಣುವಿನಲ್ಲಿ ಏನಾಗುತ್ತದೆ ಎಂಬುದನ್ನು ಗಲ್ಲಾಪೆಟ್ಟಿಗೆಯ ಮುಂದೆಯೇ ಪಾಠ ಮಾಡಿದೆ. ಅವರು ಕೈಕಟ್ಟಿಕೊಂಡು ಕೇಳಿ, "ಸರಿ ಮೇಡಂ. ಆದ್ರೆ ಹಳೇ ಕಲ್ಲನ್ನೂ ಒಂದ್ಸಲ ಒಳಗಿರೋ ನೇರಳೆ ದೀಪದ ಪೆಟ್ಟಿಗೇಲಿ ಇಟ್ಟು ನೋಡ್ಬಿಟ್ಟಿದ್ರೆ ವಾಸಿಯಿತ್ತು. ಬಿಚ್ಚೋಕೇ ಬರ್ಲಿಲ್ವಲ್ಲ" ಎಂದರು. "ಅದರ ಅಗತ್ಯ ಇಲ್ಲ ಬಿಡಿ. ಹಳೇ ಕಾಲದ ವಜ್ರದಲ್ಲಿ ಅಂಥದ್ದೆಲ್ಲ ಇರೋಲ್ಲ" ಎಂದೆ. ಈ ವಿಷಯ ನನಗೆ ಯಾರು ಹೇಳಿದ್ದರೋ ಇವತ್ತಿಗೂ ತಿಳಿಯದು. ಫ್ಲೋರೊಸೆನ್ಸ್ ಇಲ್ಲದ ಹರಳನ್ನೇ ಎಡಗಿವಿಯ ಓಲೆಗೆ ಕಟ್ಟಿಸಿದೆವು. ಅಂಗಡಿಯ ದೀಪಗಳ ಕೆಳಗೆ ಅತ್ತೆಯ ಎರಡೂ ಕಿವಿ ಒಂದೇ ಸಮ ಮಿಂಚಿದವು. ನಮ್ಮವರು ಸಂಜೆ ನೋಡಿ, "ನೋಡಿದ್ಯಾ, ಓದಿದವರು ಹೋದ್ರೆ ಹೀಗೆ" ಎಂದರು. ಮೂರು ದಿನ ಬಹಳ ಹಿತವಾಗಿತ್ತು.

ನಮ್ಮ ಹಿತ್ತಿಲ ಜಗುಲಿಗೆ ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತದೆ. ಅತ್ತೆ ಅಲ್ಲಿ ಗೋಡೆಗೊಂದು ಕನ್ನಡಿ ತೂಗುಹಾಕಿಕೊಂಡು ತಲೆ ಬಾಚುತ್ತಿದ್ದರು. ನಾಲ್ಕನೆಯ ಬೆಳಗ್ಗೆ ನಾನು ಡಬ್ಬಿಗೆ ಚಿತ್ರಾನ್ನ ತುಂಬುತ್ತಿರುವಾಗ ಒಳಗೆ ಬಂದು ಮೆಲ್ಲಗೆ ಹೇಳಿದರು: "ಉಮಾ, ಒಂದು ಕಲ್ಲು ನಗ್ತದೆ, ಇನ್ನೊಂದು ಮೊಖ ಗಂಟಾಕ್ಕೊಂಡು ಕೂತದೆ ಕಣವ್ವ."

"ಯಾವುದು ಅತ್ತೆ?"

"ಹೊಸದೇ ಇರ್ಬೇಕು. ಹಳೇದ್ರಲ್ಲಿ ಒಂಥರಾ ನೀಲಿ ಆಡ್ತದೆ, ಇದ್ರಲ್ಲಿ ಇಲ್ಲ. ಸಂಜೆ ಆದ್ರೆ ಎರಡೂ ಒಂದಾಗೋಯ್ತವೆ."

ನಾನು ಹಿತ್ತಿಲಿಗೆ ಹೋಗಿ ನೋಡಿದೆ. ಒಂದು ತಲೆಯ ಎರಡು ಪಕ್ಕದಲ್ಲಿರುವ ಎರಡು ಕಿವಿಗಳನ್ನು ಒಟ್ಟಿಗೆ ನೋಡುವುದು ಸುಲಭವಲ್ಲ. ಬಲಗಡೆ ನಿಂತು ನೋಡಿದೆ, ಚೆನ್ನಾಗಿತ್ತು. ಎಡಗಡೆಗೆ ಹೋಗುವಷ್ಟರಲ್ಲಿ ಬಲಗಡೆಯದು ಮರೆತುಹೋಯಿತು. ಬಸ್ಸಿಗೆ ಹೊತ್ತಾಗಿತ್ತು ಬೇರೆ. ಎರಡೂ ಒಂದೇ ಥರ ಇವೆ ಎಂದು ಹೇಳಿ ಹೊರಟೆ. ಆದರೆ ಅತ್ತೆ ಬಿಡಲಿಲ್ಲ. ಮರುದಿನವೂ ಹೇಳಿದರು, ಅದರ ಮರುದಿನವೂ ಹೇಳಿದರು. ಬಿಸಿಲಿಗೆ ಬೇರೆ, ಬಲ್ಬಿಗೆ ಒಂದೇ. ಕೊನೆಗೆ ನಮ್ಮವರಿಗೆ ಅನುಮಾನ ಬಂತು. "ಅವ್ವನಿಗೆ ಪೊರೆ ಬಂದಿರ್ಬೇಕು ಕಣೇ. ಬಿಸಿಲಿಗೆ ಹೋದ್ರೇ ತಾನೆ ಹೀಗಾಗೋದು?"

ನನಗೆ ಅದು ಎಷ್ಟು ಸರಿಯೆನಿಸಿತೆಂದರೆ, ಊಟದ ಮೇಜಿನ ಮೇಲೆ ಚಪಾತಿಯನ್ನೇ ಮಸೂರ ಮಾಡಿಕೊಂಡು, ಕಣ್ಣಿನ ಮಸೂರ ಮಬ್ಬಾದಾಗ ಜೋರು ಬೆಳಕು ಹೇಗೆ ಚದುರುತ್ತದೆ, ಇಲ್ಲದ ಬಣ್ಣಗಳು ಹೇಗೆ ಇದ್ದಂತೆ ತೋರುತ್ತವೆ ಎಂದು ವಿವರಿಸಿದೆ. ಕಣ್ಣಿನ ಡಾಕ್ಟರರ ಹತ್ತಿರ ಕರೆದೊಯ್ದೆವು. ಅವರು ನೋಡಿ, ಪೊರೆ ಇರುವುದು ನಿಜ, ಅಷ್ಟೇನೂ ಬಲಿತಿಲ್ಲ, ಬಿಸಿಲಿನಲ್ಲಿ ತೊಂದರೆ ಆಗುತ್ತಿದ್ದರೆ ಆಪರೇಷನ್ ಮಾಡಿಸಬಹುದು ಎಂದರು. ಮಗಳ ಪರೀಕ್ಷೆ ಮುಗಿದ ಮೇಲೆ ಮಾಡಿಸುವುದೆಂದು ಗೊತ್ತಾಯಿತು. ವಿಷಯ ಮುಗಿಯಿತೆಂದು ನಾವಿಬ್ಬರೂ ನಿರಾಳವಾದೆವು.

ಅತ್ತೆ ನಿರಾಳವಾಗಲಿಲ್ಲ. ಅದು ನನಗೆ ಗೊತ್ತಾಗಲು ಸ್ವಲ್ಪ ಕಾಲ ಹಿಡಿಯಿತು. ಓಲೆಯ ಸುದ್ದಿ ಎತ್ತುವುದನ್ನು ಬಿಟ್ಟರು. ಹಿತ್ತಿಲ ಕನ್ನಡಿಯನ್ನು ತೆಗೆದು ಒಳಗಿಟ್ಟರು. ಎದುರುಮನೆಯವರು ಮಗನ ಮದುವೆ ಜವಳಿಗೆ ಕರೆಯಲು ಬಂದರೆ, "ನನ್ನ ಕಣ್ಣು ನಂಬ್ಕೋಬ್ಯಾಡಿ ಕಣ್ರವ್ವ, ಬ್ಯಾರೆ ಯಾರನ್ನಾದ್ರೂ ಕರ್ಕೊಂಡೋಗಿ" ಎಂದು ಹೇಳಿ ಕಳಿಸಿದರು. ಒಂದು ಸಂಜೆ ಸ್ಫೂರ್ತಿಯ ಲಂಗಕ್ಕೆ ಗುಂಡಿ ಹೊಲಿಯಲು ಕುಳಿತವರು ದಾರದ ಉಂಡೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಇದು ಹಸಿರೇ ತಾನೆ ಉಮಾ?" ಎಂದು ಕೇಳಿದರು. ಹಸಿರೇ ಆಗಿತ್ತು, ಎಲೆಯಷ್ಟು ಹಸಿರು. ಅದುವರೆಗೆ ಬಣ್ಣ ಯಾವುದೆಂದು ಅತ್ತೆ ಯಾರನ್ನೂ ಕೇಳಿದ್ದನ್ನು ನಾನು ಕಂಡಿರಲಿಲ್ಲ. ಪೊರೆ ಕಣ್ಣಿಗೆ ಎಷ್ಟು ಬಂದಿತ್ತೋ, ನಮ್ಮ ಮಾತು ಕೇಳಿ ಮನಸ್ಸಿಗೆ ಅದಕ್ಕಿಂತ ಹೆಚ್ಚು ಬಂದಿತ್ತು. 'ಹೌದತ್ತೆ, ಹಸಿರೇ' ಎಂದೆ. ಆಪರೇಷನ್ ಆದರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಇಷ್ಟರಲ್ಲಿ ಸ್ಫೂರ್ತಿಯ ಶಾಲೆಯ ವಾರ್ಷಿಕೋತ್ಸವ ಬಂತು. ಆ ವರ್ಷ ಹೊಸದಾಗಿ ಬಂದಿದ್ದ ಡಾನ್ಸ್ ಮೇಷ್ಟರು ಸಮುದ್ರದೊಳಗಿನ ನೃತ್ಯ ಎಂದು ಒಂದನ್ನು ಸಿದ್ಧಪಡಿಸಿದ್ದರು. ಸಭಾಂಗಣದ ದೀಪಗಳನ್ನೆಲ್ಲ ಆರಿಸಿ ವೇದಿಕೆಯ ಮುಂದೆ ಒಂದು ಬಗೆಯ ನೇರಳೆ ಟ್ಯೂಬುಗಳನ್ನು ಹಚ್ಚುತ್ತಾರೆ, ಮಕ್ಕಳು ಮೈತುಂಬ ಕಪ್ಪು ತೊಟ್ಟು ಕೈಗೆ ಮಾತ್ರ ಬಿಳಿ ಗವಸು ಹಾಕಿರುತ್ತಾರೆ, ಕತ್ತಲಲ್ಲಿ ಗವಸುಗಳಷ್ಟೇ ಮೀನಿನಂತೆ ಹೊಳೆಯುತ್ತ ಈಜಾಡುತ್ತವೆ. ಅಜ್ಜಿಗೆ ಕಣ್ಣು ಮಂಜು ಎಂದು ಹೇಳಿ ಸ್ಫೂರ್ತಿ ನಮಗೆ ಮೊದಲ ಸಾಲಿನಲ್ಲೇ ಕುರ್ಚಿ ಹಿಡಿಸಿದ್ದಳು. ಅತ್ತೆಯ ಬಲಗಡೆಗೆ ನಾನು, ಎಡಗಡೆಗೆ ನಮ್ಮವರು.

ದೀಪ ಆರಿ ಟ್ಯೂಬುಗಳು ಹತ್ತಿಕೊಂಡಾಗ ಮೊದಲು ಬೆಳಗಿದ್ದು ಮೀನುಗಳಲ್ಲ, ನಮ್ಮವರ ಅಂಗಿ. ಒಗೆಯುವ ಪುಡಿಯಲ್ಲಿ ಬಟ್ಟೆ ಬೆಳ್ಳಗಾಗಲೆಂದು ಬೆರೆಸುವ ಪದಾರ್ಥಕ್ಕೆ ಈ ಕಿರಣ ಕಂಡರೆ ಬಹಳ ಉತ್ಸಾಹ. ಸಾಲಿನಲ್ಲಿ ಕುಳಿತಿದ್ದ ಬಿಳಿ ಅಂಗಿಯವರೆಲ್ಲ ತಲೆಯಿಲ್ಲದ ದೇಹಗಳಾಗಿ ತೇಲತೊಡಗಿದರು. ಮುಖ್ಯ ಅತಿಥಿಗಳಾಗಿ ಬಂದಿದ್ದ ಹಿರಿಯರು ನಕ್ಕಾಗ ಹಲ್ಲುಗಳೆಲ್ಲ ಹೊಳೆದು, ಮುಂದಿನ ಎರಡು ಮಾತ್ರ ಕಾಣೆಯಾದವು. ಕಟ್ಟಿಸಿದ ಹಲ್ಲಿರಬೇಕು. ಇದು ನನ್ನ ಪಠ್ಯಪುಸ್ತಕದ ಪ್ರತಿದೀಪ್ತಿಯೇ, ಇಷ್ಟು ವರ್ಷದ ಮೇಲೆ ಮೊದಲ ಸಲ ಎದುರುಬದುರು ಆದೆವಲ್ಲ ಎಂದು ನಾನು ಖುಷಿಪಡುತ್ತಿರುವಾಗ ಹಿಂದಿನ ಸಾಲಿನಿಂದ ಒಂದು ಪುಟ್ಟ ಹುಡುಗಿಯ ಧ್ವನಿ ಕೇಳಿತು.

"ಅಮ್ಮಾ, ಆ ಅಜ್ಜಿ ಕಿವೀಲಿ ಲೈಟಿದೆ."

ತಿರುಗಿ ನೋಡಿದೆ. ಅತ್ತೆಯ ಬಲಗಿವಿಯಲ್ಲಿ ಒಂದು ನೀಲಿ ಕಿಡಿ ಉರಿಯುತ್ತಿತ್ತು. ಮಿಂಚುವುದಲ್ಲ, ಮಿನುಗುವುದಲ್ಲ, ಗ್ಯಾಸ್ ಒಲೆಯನ್ನು ಪೂರ್ತಿ ಸಣ್ಣ ಮಾಡಿದಾಗ ಉಳಿಯುವ ಜ್ವಾಲೆಯಂತೆ ಒಂದೇ ಸಮನೆ ನೀಲಿಯಾಗಿ ಉರಿಯುತ್ತಿತ್ತು. ನಾನು ಕುರ್ಚಿಯಿಂದ ಅರ್ಧ ಎದ್ದು, ಅತ್ತೆಯ ಮುಖದ ಮುಂದೆ ಬಾಗಿ ಎಡಗಿವಿ ನೋಡಿದೆ. ಅಲ್ಲಿ ಬರೀ ಕತ್ತಲೆ.

"ಯಾಕವ್ವ, ಏನಾಯ್ತು? ಅಂಗ್ಯಾಕ್ ಬಗ್ಗಿ ನೋಡ್ತಿದ್ದೀ?"

ನನ್ನ ಕೈಚೀಲದಲ್ಲಿ ಒಂದು ಪುಟ್ಟ ಕನ್ನಡಿ ಇತ್ತು. ತೆಗೆದು ಅವರ ಮುಖದ ಮುಂದೆ ಹಿಡಿದೆ. ಅತ್ತೆ ಕನ್ನಡಿಯನ್ನು ತಮ್ಮ ಕೈಗೆ ತೆಗೆದುಕೊಂಡರು. ಮುಖವನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದರು, ಎಡಕ್ಕೆ ತಿರುಗಿಸಿದರು, ಮತ್ತೆ ಬಲಕ್ಕೆ ತಿರುಗಿಸಿದರು. ವೇದಿಕೆಯಲ್ಲಿ ಮೀನುಗಳು ಗುಂಪುಗುಂಪಾಗಿ ಈಜುತ್ತಿದ್ದವು, ಜನ ಚಪ್ಪಾಳೆ ತಟ್ಟುತ್ತಿದ್ದರು. ಅತ್ತೆ ಕನ್ನಡಿಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಸಣ್ಣ ದನಿಯಲ್ಲಿ ಹೇಳಿದರು:

"ಇದೇ ಕಣವ್ವ ನಾನು ಹೇಳಿದ್ದು."

ಅವರ ದನಿಯಲ್ಲಿ ಗೆದ್ದೆನೆಂಬ ಬಿಗುವು ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಇದ್ದದ್ದು ಬರೀ ಸಮಾಧಾನ. ಕಳೆದುಹೋಗಿದ್ದ ಯಾವುದೋ ವಸ್ತು ಕೈಗೆ ಸಿಕ್ಕಿದವರ ಸಮಾಧಾನ. ನಾನು ಕತ್ತಲಲ್ಲೇ ಅವರ ಕೈ ಹಿಡಿದುಕೊಂಡು, "ತಪ್ಪಾಯ್ತು ಅತ್ತೆ" ಎಂದೆ. "ಬುಡು ಬುಡು, ಮಗು ಕುಣೀತಾ ಅದೆ, ನೋಡು" ಎಂದರು. ನೋಡುವಷ್ಟರಲ್ಲಿ ದೀಪ ಹತ್ತಿ ನೃತ್ಯ ಮುಗಿದಿತ್ತು. ಸ್ಫೂರ್ತಿ ಆಮೇಲೆ ನಮ್ಮೊಂದಿಗೆ ಸರಿಯಾಗಿ ಮಾತಾಡಲಿಲ್ಲ. "ಮೊದಲ್ನೇ ಸಾಲಲ್ಲಿ ಕೂರಿಸಿದ್ರೆ ನೀವೆಲ್ಲ ಅಜ್ಜಿ ಕಿವಿ ನೋಡ್ತಿದ್ರಿ" ಎಂಬ ದೂರನ್ನು ಅವಳು ಇಂದಿಗೂ ಹಿಂತೆಗೆದುಕೊಂಡಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಮ್ಮವರು ಹೊಸ ಸಂಶಯ ಹುಟ್ಟಿಸಿದರು. ಆಟೋದಲ್ಲಿ ಕುಳಿತು ಯೋಚಿಸಿ ಯೋಚಿಸಿ, "ವಜ್ರ ಅಂದ್ರೆ ಬೆಳಕು ಬಿದ್ರೆ ಥಳಥಳ ಅನ್ನೋದು. ಕತ್ತಲಲ್ಲಿ ನೀಲಿ ಉರಿಯೋದು ಅಂದ್ರೆ ಎಲ್ಲೋ ಮೋಸ ಇದೆ. ಅವ್ವನ ತಾಯಿಗೆ ಆಗಿನ ಕಾಲದಲ್ಲಿ ಯಾರೋ ಗಾಜು ಕಟ್ಟಿಬಿಟ್ಟಿದ್ದಾರೆ" ಎಂದರು. ನಾನು ಅವರ ಕಾಲು ತುಳಿಯುವಷ್ಟರಲ್ಲಿ ಮಾತು ಹೊರಬಿದ್ದಿತ್ತು. ಅತ್ತೆ ಬಲಗಿವಿಯನ್ನು ಸೆರಗಿನಿಂದ ಮುಚ್ಚಿಕೊಂಡರು. ತಮ್ಮ ಕಣ್ಣು ಸರಿಯಿದೆ ಎಂದು ತಿಳಿದ ಗಳಿಗೆಯಲ್ಲೇ ತಾಯಿಯ ಓಲೆ ಸುಳ್ಳಿರಬಹುದು ಎಂಬ ಮಾತು ಕೇಳಬೇಕಾಯಿತು. ಆ ಹರಳು ನಿಜವೋ ಸುಳ್ಳೋ ನನಗೂ ಖಚಿತವಾಗಿ ಗೊತ್ತಿರಲಿಲ್ಲ. ನಾಳೆ ಬೆಳಗ್ಗೆ ಶೆಟ್ಟರ ಅಂಗಡಿಗೆ ಹೋಗೋಣ ಎಂದೆ. ಈ ಸಲ ಏನನ್ನೂ ಓದಿಕೊಂಡು ಹೋಗಲಿಲ್ಲ.

ಶೆಟ್ಟರು ನಮ್ಮ ಕಥೆಯನ್ನೆಲ್ಲ ಕೇಳಿದರು. ಮೊದಲು ತಿರುಪಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಸ್ವಲ್ಪ ಹೊತ್ತು ಕೂರಿಸಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ, ಕೊನೆಗೆ ಕತ್ತರಿಸದೆಯೇ ಓಲೆಯನ್ನು ಬಿಚ್ಚಿದರು. ಆಮೇಲೆ ವಜ್ರ ಗುರುತಿಸುವ ಪೆನ್ನಿನಂಥ ಒಂದು ಯಂತ್ರವನ್ನು ಹಳೆಯ ಹರಳಿಗೆ ತಾಗಿಸಿದರು. ಅದು ಕೀ ಎಂದಿತು. ಹೊಸ ಹರಳಿಗೆ ತಾಗಿಸಿದರು. ಅದಕ್ಕೂ ಕೀ ಎಂದಿತು. ಭೂತಗನ್ನಡಿಯಲ್ಲೂ ತಿರುಗಿಸಿ ತಿರುಗಿಸಿ ನೋಡಿದರು. "ಎರಡೂ ವಜ್ರವೇ ಅಮ್ಮಾವ್ರೇ. ನಿಮ್ಮ ತಾಯಿಯವರಿಗೆ ಯಾರೂ ಮೋಸ ಮಾಡಿಲ್ಲ" ಎಂದರು. ಅತ್ತೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಹಾಗಾದ್ರೆ ಆ ನೀಲಿ?" ಎಂದು ನಾನು ಕೇಳಿದೆ. ಪ್ರತಿದೀಪ್ತಿಯ ಪಾಠ ಮಾಡಿದವಳು ಪ್ರತಿದೀಪ್ತಿಯ ಪ್ರಶ್ನೆ ಕೇಳಿದ್ದು ಶೆಟ್ಟರಿಗೆ ತಮಾಷೆಯೆನಿಸಿರಬೇಕು, ಆದರೆ ತೋರಿಸಿಕೊಳ್ಳಲಿಲ್ಲ. "ಕೆಲವು ವಜ್ರದಲ್ಲಿ ಆ ಗುಣ ಇರುತ್ತೆ ಮೇಡಂ, ಬಹಳಷ್ಟರಲ್ಲಿ ಇರೋಲ್ಲ. ಹೊಳೆದ ಮಾತ್ರಕ್ಕೆ ಸುಳ್ಳು ಅಂತಲ್ಲ, ನಿಜ ಅಂತಾನೂ ಅಲ್ಲ. ಗಾಜಲ್ಲೂ ಕೆಲವು ಹೊಳೀತವೆ. ನಮ್ಮ ತಂದೆಯವರ ಕಾಲದಲ್ಲಿ ಇಂಥದ್ದನ್ನ ಬ್ಲೂ ಜಾಗರ್ ಅಂತ ಹುಡುಕ್ಕೊಂಡು ಬರೋರು. ನೀಲಿ ಆಡೋ ವಜ್ರವೇ ಬೇಕು ಅಂತ ಹಟ ಹಿಡಿಯೋರು. ಈಗ ಸರ್ಟಿಫಿಕೇಟಲ್ಲಿ ಅದನ್ನ ಬರೀತಾರೆ. ಬರೆದಿದ್ದನ್ನ ನೋಡಿ ಜನ ಕುಂದು ಅಂದ್ಕೊಳ್ತಾರೆ. ಕಲ್ಲು ಅದೇ, ಕಾಲ ಬೇರೆ." ಬಿಸಿಲಿನಲ್ಲಿ ನೇರಳಾತೀತ ಕಿರಣ ಇರುವುದರಿಂದ ಅಲ್ಲಿ ನೀಲಿ ಏಳುತ್ತದೆ, ಬಲ್ಬಿನಲ್ಲಿ ಇಲ್ಲದ್ದರಿಂದ ಏಳುವುದಿಲ್ಲ ಎಂಬುದು ಅಷ್ಟರಲ್ಲಿ ನನಗೇ ಹೊಳೆದಿತ್ತು. ಅತ್ತೆ ಮೊದಲ ದಿನವೇ ಅದನ್ನು ಹೇಳಿದ್ದರು. ಅದಕ್ಕಿಂತ ಸರಿಯಾದ ಪ್ರಯೋಗವನ್ನು ನಮ್ಮ ಲ್ಯಾಬಿನಲ್ಲಿ ಯಾರೂ ಮಾಡಿರಲಿಲ್ಲ.

"ಹರಳಲ್ಲಿ ತುಸು ಹಳದಿ ಛಾಯೆ ಇದ್ರೆ ಈ ನೀಲಿ ಒಳ್ಳೇದೇ ಮಾಡುತ್ತೆ. ಬಿಸಿಲಲ್ಲಿ ಹಳದಿ ಕಾಣದೆ ಬೆಳ್ಳಗೆ ಕಾಣುತ್ತೆ" ಎಂದು ಶೆಟ್ಟರು ಮುಂದುವರಿಸಿದರು.

"ಬಿಳೀ ಪಂಚೆಗೆ ನೀಲಿ ಹಾಕ್ದಂಗೆ" ಎಂದರು ಅತ್ತೆ.

"ಹೂಂ, ಹಾಗೇ ಅಮ್ಮಾವ್ರೇ."

"ನೀಲಿ ಜಾಸ್ತಿ ಆದ್ರೆ ಬಟ್ಟೆ ಮಂಕಾಯ್ತದೆ."

"ಇಲ್ಲೂ ಕೆಲವು ಸಲ ಹಂಗಾಗುತ್ತೆ. ಅದಕ್ಕೇ ಕಣ್ಣಿಂದ ನೋಡಿ ತಗೋಬೇಕು ಅನ್ನೋದು." ಬ್ರೌಸಿಂಗ್ ಸೆಂಟರಿನಲ್ಲಿ ನಾನು ಬಿಟ್ಟುಬಂದಿದ್ದ 'ಕೆಲವೊಮ್ಮೆ' ಹೀಗೆ ಅಶೋಕ ರಸ್ತೆಯಲ್ಲಿ ಮರಳಿ ಸಿಕ್ಕಿತು.

ಆವತ್ತು ನಾನು ಬೇಡವೆಂದ ಹರಳು ಇನ್ನೂ ಅಲ್ಲೇ ಇತ್ತು. ಶೆಟ್ಟರು ಒಳಕೋಣೆಯ ದೀಪ ಆರಿಸಿ, ಅದನ್ನೂ ಅತ್ತೆಯ ಹಳೆಯ ಹರಳನ್ನೂ ನೇರಳೆ ದೀಪದ ಪೆಟ್ಟಿಗೆಯಲ್ಲಿ ಪಕ್ಕಪಕ್ಕ ಇಟ್ಟು, ಸ್ವಿಚ್ಚು ಹಾಕಿದರು. ಎರಡು ನೀಲಿ ಕಿಡಿಗಳು ಜೊತೆಯಾಗಿ ಎದ್ದವು. ಹಳೆಯದು ಸ್ವಲ್ಪ ಗಾಢ, ಇದು ಸ್ವಲ್ಪ ತೆಳು. ನನಗೆ ಅಷ್ಟೇ ಸಾಕಾಗಿತ್ತು. ಅತ್ತೆಗೆ ಸಾಕಾಗಲಿಲ್ಲ. "ಬಿಸಿಲಲ್ಲಿ ನೋಡ್ಬೇಕು" ಎಂದು ಹರಳುಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಟೇಬಿಟ್ಟರು. ಶೆಟ್ಟರು ಗಾಬರಿಯಿಂದ ಹಿಂದೆಯೇ ಬಂದು ತಟ್ಟೆಯ ಕೆಳಗೆ ತಮ್ಮ ಎರಡೂ ಕೈ ಹಿಡಿದುಕೊಂಡರು. ಅಂಗಡಿಯ ಮೆಟ್ಟಿಲ ಮೇಲೆ, ಸೈಕಲ್ಲು ಆಟೋಗಳು ಹೋಗುತ್ತಿರುವ ಬೀದಿಗೆ ಬೆನ್ನು ಮಾಡಿ ಅತ್ತೆ ತಟ್ಟೆಯನ್ನು ಹಾಗೆ ಓರೆ ಮಾಡಿದರು, ಹೀಗೆ ಓರೆ ಮಾಡಿದರು. ಕಳೆದ ಎರಡು ತಿಂಗಳಲ್ಲಿ ಕಾಣದಿದ್ದ ಗತ್ತು ಅವರ ಕತ್ತಿನಲ್ಲಿ ಮರಳಿ ಬಂದಿತ್ತು. ದಾರಿಹೋಕರು ಇಬ್ಬರು ನಿಂತು ನೋಡಿದರು. ಶೆಟ್ಟರ ಹಣೆಯಲ್ಲಿ ಬೆವರು ಮೂಡಿತ್ತು.

"ಅವಳಿ ಅಲ್ಲ" ಎಂದರು ಅತ್ತೆ ಕೊನೆಗೆ. "ಅಕ್ಕ ತಂಗಿ ಅನ್ನಬೋದು. ಆಯ್ತದೆ ಕಟ್ಟಿ."

ಕಣ್ಣಿನ ಆಪರೇಷನ್ ಬೇಡವೇನೋ ಎಂದು ನಾವು ಅಂದುಕೊಂಡೆವು. ಅತ್ತೆ ಕೇಳಲಿಲ್ಲ. "ಪೊರೆ ಅದೆ ಅಂತ ಡಾಕ್ಟ್ರು ಸುಳ್ಳು ಹೇಳ್ಲಿಲ್ವಲ್ಲ. ಈಗ್ಲೇ ಇಷ್ಟು ಕಾಣ್ತದೆ, ತೆಗೆದ್ಮೇಲೆ ಎಷ್ಟು ಕಾಣ್ತದೋ ನೋಡಾನ" ಎಂದು ತಾವೇ ಹೊರಟರು. ಆಪರೇಷನ್ನಿನ ನಂತರ ನೀಲಿ ಬಣ್ಣ ಇನ್ನೂ ಎದ್ದು ಕಾಣುತ್ತದೆಂದು ಸಂತೋಷಪಟ್ಟರು. ಅದರ ಜೊತೆಗೆ ನಮ್ಮ ಅಡಿಗೆಮನೆಯ ಅಟ್ಟದ ಧೂಳು, ನಮ್ಮವರ ತಲೆಗೆ ಬಣ್ಣ ಹಚ್ಚಿದಾಗ ಕಿವಿಯ ಹಿಂದೆ ಬಿಟ್ಟುಹೋಗುವ ಬಿಳಿಗೂದಲು, ನಾನು ತೊಳೆದೆನೆಂದು ಹೇಳಿದ ಸೊಪ್ಪಿನ ಮಣ್ಣು, ಎಲ್ಲವೂ ಎದ್ದು ಕಾಣತೊಡಗಿದವು. ಎದುರುಮನೆಯವರ ಮದುವೆ ಜವಳಿಗೂ ಹೋಗಿ ಬಂದರು.

ಉಳಿದದ್ದು ನನ್ನ ಹರಳು. ಅಷ್ಟೊಂದು ಓದಿ, ಅಷ್ಟೊಂದು ಹಟ ಮಾಡಿ ಆರಿಸಿದ, ನೇರಳೆ ದೀಪಕ್ಕೆ ಸ್ವಲ್ಪವೂ ಹೊಳೆಯದ ಹರಳು. ಶೆಟ್ಟರು ವಾಪಸು ತೆಗೆದುಕೊಳ್ಳುತ್ತೇನೆ ಎಂದಿದ್ದರು. ಅತ್ತೆ ಒಪ್ಪಿರಲಿಲ್ಲ. ಅದನ್ನು ಮೂಗುಬೊಟ್ಟಿಗೆ ಕಟ್ಟಿಸಿ ನನ್ನ ಮುಂದೆ ಇಟ್ಟರು. "ಅದೇನು ತಪ್ಪು ಮಾಡ್ಯದೆ? ಕಿವಿಗೆ ಜೋಡಿ ಬೇಕು, ಮೂಗಿಗೆ ಬ್ಯಾಡ. ನೀನು ಮೆಚ್ಚಿ ತಂದದ್ದು, ನೀನೇ ಹಾಕ್ಕೋ" ಎಂದರು. ನನ್ನ ಮೂಗು ಚುಚ್ಚಿರಲಿಲ್ಲ. ನಲವತ್ತು ದಾಟಿದ ಮೇಲೆ ಮೂಗು ಚುಚ್ಚಿಸಿಕೊಳ್ಳುವುದೆಂದರೇನು ಎಂಬುದನ್ನು ವಿವರಿಸಲು ನನ್ನ ಪಠ್ಯಪುಸ್ತಕದಲ್ಲಿ ಪದವಿಲ್ಲ. ಮೂಗು ಊದಿಕೊಂಡು ಬದನೆಕಾಯಿಯಾಯಿತು. ಸೀನು ಬಂದರೆ ಪ್ರಾಣ ಹೋದಂತಾಗುತ್ತಿತ್ತು. ಸ್ಫೂರ್ತಿ ಮಾತ್ರ ಬಹಳ ದಿನದ ಮೇಲೆ ನನ್ನನ್ನು ನೋಡಿ ಮನಸಾರೆ ನಕ್ಕಳು.

ಊತ ಇಳಿದು ಮೂಗು ಮೂಗಿನಂತೆ ಕಾಣತೊಡಗಿದ ಮೇಲೆ ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕುಳಿತಿದ್ದೆ. ನಮ್ಮ ಪಕ್ಕದ ಬೀದಿಯಲ್ಲೇ ಇರುವ ರಸಾಯನಶಾಸ್ತ್ರದ ಸರೋಜ ಎದುರಿಗೆ ಕುಳಿತು ಡಬ್ಬಿ ಬಿಚ್ಚುತ್ತ ನನ್ನ ಮೂಗನ್ನೇ ನೋಡಿದರು.

"ಚೆನ್ನಾಗಿದೆ ಕಣ್ರೀ ಉಮಾ. ಅಮೆರಿಕನ್ ಡೈಮಂಡಾ?"

ವಜ್ರದ ತೂಕ, ಬಣ್ಣ, ಶುದ್ಧತೆ, ಪ್ರತಿದೀಪ್ತಿ ಇದ್ದರೇನು ಇಲ್ಲದಿದ್ದರೇನು ಎಂಬ ಪೂರ್ತಿ ಪಾಠ ನನ್ನ ನಾಲಿಗೆಯ ತುದಿಗೆ ಬಂತು. ಎಷ್ಟು ತಿಂಗಳ ಸಂಶೋಧನೆ ಅದು. ನುಂಗಿಕೊಂಡೆ.

"ಗೊತ್ತಿಲ್ಲ ಸರೋಜ. ನಮ್ಮತ್ತೆ ಕೊಡಿಸಿದ್ದು" ಎಂದೆ.

"ಓ, ಗೌರಮ್ಮಣ್ಣಿಯವರಾ?" ಎಂದು ಸರೋಜ ಕನ್ನಡಕ ಸರಿಮಾಡಿಕೊಂಡು ಇನ್ನೂ ಹತ್ತಿರ ಬಾಗಿದರು. "ಹಾಗಾದ್ರೆ ಅಸಲೀನೇ ಇರ್ಬೇಕು ಬಿಡಿ."

ಇರಬೇಕು ಎಂದು ನಾನೂ ಒಪ್ಪಿಕೊಂಡೆ.